ಏರಿನಲ್ಲಿ ಸೈಕಲ್: ಏದುಸಿರು ಎಲ್ಲಿಯವರೆಗೆ ಸಹಜ?

ಗೊರೇಬಾಳದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ವಯಸ್ಸು 48. ಕಳೆದ ವರ್ಷ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ದಿನಾ ಅರ್ಧ ತಾಸಾದರೂ ಮೈ ಬೆವರುವಂತೆ ಏನಾದರೂ ಮಾಡಿ ಎಂದು ವೈದ್ಯರು ಹೇಳಿದ್ದರಿಂದ, ಮಗನಿಗೆ ಹಿಂದೆ ಶಾಲೆಯಲ್ಲಿ ಕೊಟ್ಟಿದ್ದ ಸೈಕಲ್ಲನ್ನು ದುರಸ್ತಿ ಮಾಡಿಸಿ ತುಳಿಯತೊಡಗಿದ್ದಾರೆ. ಕಾಲುವೆ ಬದಿಯ ಸಮತಟ್ಟು ದಾರಿಯಲ್ಲಿ ಯಾವ ತೊಂದರೆಯೂ ಇಲ್ಲ. ಮಸ್ಕಿ, ಲಿಂಗಸುಗೂರು ಕಡೆಯ ಏರುಗಳಲ್ಲಿ ಮಾತ್ರ ಏದುಸಿರು ಬರುತ್ತದೆ. ಮೊಣಕಾಲ ಚಿಪ್ಪಿನ ಹಿಂದೆ ನೋವು. ಈಚೆಗೆ ಎರಡು ಮೂರು ಸಲ ಎದೆ ಹಿಡಿದಂತಾಗಿದೆ. ಇಳಿದು ನಿಂತರೆ ಸರಿಹೋಗಿದೆ. 'ಗ್ಯಾಸ್ ಇರಬೇಕು' ಎಂದು ಗೆಳೆಯರು ಹೇಳಿದ್ದಾರೆ. 'ಈ ವಯಸ್ಸಿನ್ಯಾಗ ಸೈಕಲ್ ಯಾಕ ಬೇಕ್ರಿ, ಬಿಡ್ರಿ ಸಾಕು' ಎಂದು ಮನೆಯವರು. ಬಿಡಲೇ, ಮುಂದುವರಿಸಲೇ ಎಂಬುದು ಅವರ ಪ್ರಶ್ನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸೈಕಲ್ಲನ್ನು ಕಾಯಂ ಬಿಡಬೇಕಾಗಿಲ್ಲ. ಆದರೆ ಹೃದಯದ ಪರೀಕ್ಷೆ ಆಗುವವರೆಗೆ ಅದು ಗೋಡೆಗೆ ಒರಗಿರಲಿ. ಆ ಪರೀಕ್ಷೆಯನ್ನು ಮುಂದಿನ ತಿಂಗಳಿಗೋ, ಭತ್ತದ ಕೊಯ್ಲು ಮುಗಿಯಲಿ ಎಂದೋ ದೂಡದೆ ಈ ವಾರವೇ ಮಾಡಿಸಿ. ಪತ್ರದಲ್ಲಿ ಇರುವ ಮೂರು ದೂರುಗಳಲ್ಲಿ ಏದುಸಿರು ಏರಿನದ್ದಿರಬಹುದು, ಮೊಣಕಾಲ ನೋವು ಸೈಕಲ್ಲಿನ ಸೀಟಿನದ್ದಿರಬಹುದು. ಮೂರನೆಯದು ಹಾಗಲ್ಲ. ಅದನ್ನು ಗ್ಯಾಸ್ ಎಂದು ಸುಮ್ಮನೆ ಬಿಡುವಂತಿಲ್ಲ.

ಈಗ ರಸ್ತೆಯ ಮಾತು. ಸಿಂಧನೂರು ಎಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಚಾಪೆ ಹಾಸಿದಂಥ ನೆಲ; ಅಲ್ಲಿ ಏರು ಎಲ್ಲಿಂದ ಬಂತು ಎಂದು ಬೇರೆ ಜಿಲ್ಲೆಯವರು ಕೇಳಬಹುದು. ಪಶ್ಚಿಮಕ್ಕೆ ಹೋದಂತೆ ನೆಲದ ಗುಣವೇ ಬದಲಾಗುತ್ತದೆ. ಮಸ್ಕಿಯಿಂದ ಹಟ್ಟಿಯವರೆಗೆ ಕೊಕ್ಕೆಯಂತೆ ಬಾಗಿಕೊಂಡು ಹೋಗುವ ಕಪ್ಪು-ಹಸಿರು ಕಲ್ಲಿನ ಪಟ್ಟಿಯೊಂದಿದೆ. ಅದು 250 ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಉಕ್ಕಿ ಹೆಪ್ಪುಗಟ್ಟಿದ ಲಾವಾರಸ. ಆಮೇಲೆ ನೆಲದೊಳಗಿನ ಒತ್ತಡ, ಶಾಖಕ್ಕೆ ಸಿಕ್ಕು ರೂಪ ಬದಲಿಸಿದ ಕಲ್ಲು. ಹಟ್ಟಿಯ ಚಿನ್ನ ಇರುವುದು ಅದರಲ್ಲಿಯೇ. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡ ಬೀಡನ್ ಎಂಬಾತ ಕೂಡ ಇತಿಹಾಸ ಹುಡುಕಲು ಬಂದವನಲ್ಲ. ಚಿನ್ನದ ಗಣಿಯ ಎಂಜಿನಿಯರ್. ಇಂಥ ನೆಲದಲ್ಲಿ ಗಟ್ಟಿ ಕಲ್ಲು ದಿಬ್ಬವಾಗಿ ಉಳಿದಿರುತ್ತದೆ, ಮೆದುವಾದದ್ದು ಸವೆದು ಹಳ್ಳವಾಗಿರುತ್ತದೆ. ಹೀಗಾಗಿ ರಸ್ತೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಮತ್ತೆ ಏರುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಇದು ಗೊತ್ತೇ ಆಗುವುದಿಲ್ಲ. ಸೈಕಲ್ ತುಳಿಯುವವರ ತೊಡೆಗೆ ಮಾತ್ರ ಪ್ರತಿ ಏರಿನ ಲೆಕ್ಕವೂ ತಿಳಿದಿರುತ್ತದೆ.

ಜ್ವಾಲಾಮುಖಿಯ ಮೈಮೇಲೆ ಸೈಕಲ್ ತುಳಿಯುವವರು ಪ್ರಪಂಚದಲ್ಲಿ ಬೇಕಾದಷ್ಟಿದ್ದಾರೆ. ಇಟಲಿಯ ಎಟ್ನಾ ಪರ್ವತವನ್ನು ಅಲ್ಲಿನ ದೊಡ್ಡ ಸೈಕಲ್ ಸ್ಪರ್ಧೆಯವರು ಹತ್ತುತ್ತಾರೆ. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದ ಟೇಡೆ ಎಂಬ ಜ್ವಾಲಾಮುಖಿಯ ರಸ್ತೆ ಕಡಲ ದಂಡೆಯಿಂದ 2,000 ಮೀಟರಿಗೂ ಮೇಲಕ್ಕೆ ಏರುತ್ತದೆ. ವೃತ್ತಿಪರ ಸವಾರರು ಅಲ್ಲಿ ವಾರಗಟ್ಟಲೆ ಬೀಡುಬಿಟ್ಟು ತಯಾರಿ ನಡೆಸುತ್ತಾರೆ. ಅಷ್ಟು ದೂರ ಏಕೆ? ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ ನಮ್ಮ ರಾಜ್ಯದ ಸೈಕಲ್ ಪಟುಗಳಲ್ಲಿ ಅನೇಕರು ಬಂದಿರುವುದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ. ವಿಜಯಪುರದ ನೆಲವೂ ಲಾವಾ ಹಾಸೇ. ಆದರೆ ಅವರೆಲ್ಲರ ಸೈಕಲ್ಲಿಗೂ ನಮ್ಮ ಓದುಗರ ಸೈಕಲ್ಲಿಗೂ ಒಂದು ದೊಡ್ಡ ಅಂತರವಿದೆ. ಅವರದಕ್ಕೆ ಗೇರುಗಳಿವೆ, ಇವರದಕ್ಕೆ ಇಲ್ಲ.

ಗೇರು ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಸವಾರನ ತೂಕ 65 ಕಿಲೋ, ಸೈಕಲ್ಲಿನದು 20 ಎಂದು ಇಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ತಾಸಿಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವುದು ಆರಾಮದ ಕೆಲಸ. 100 ಮೀಟರಿಗೆ 4 ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗ ಉಳಿಸಿಕೊಳ್ಳಬೇಕಾದರೆ ದೇಹ ಸುಮಾರು ಮೂರು ಪಟ್ಟು ಶಕ್ತಿ ಒದಗಿಸಬೇಕು. ಇಂಥ ಏರು ಕಣ್ಣಿಗೆ ದೊಡ್ಡದಾಗಿ ಕಾಣುವುದೂ ಇಲ್ಲ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಒಂದೂವರೆ ಪಟ್ಟು ಸಾಕು. ಹಾಗಾದರೆ ನಿಧಾನವಾಗಿ ಹೋದರಾಯಿತಲ್ಲ ಎನ್ನುತ್ತೀರಿ. ತೊಡಕು ಇರುವುದು ಅಲ್ಲಿಯೇ. ಸಾಮಾನ್ಯ ಸೈಕಲ್ಲಿನ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ಲು ಐದು ಮೀಟರಿಗೂ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ. ತಾಸಿಗೆ 15 ಕಿಲೋಮೀಟರ್ ವೇಗದಲ್ಲಿ ಪೆಡಲ್ ನಿಮಿಷಕ್ಕೆ 45ರಷ್ಟು ಸುತ್ತು ತಿರುಗುತ್ತದೆ. ವೇಗ ಅರ್ಧವಾದಾಗ ಸುತ್ತೂ ಅರ್ಧವಾಗಿ 22-23ಕ್ಕೆ ಇಳಿಯುತ್ತದೆ. ಆದರೆ ಪ್ರತಿ ತುಳಿತಕ್ಕೂ ಹಾಕಬೇಕಾದ ಬಲ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅಂದರೆ ನಿಧಾನ ಹೋದರೆ ಉಸಿರಿಗೆ ಆರಾಮ ಸಿಗುತ್ತದೆ, ಮೊಣಕಾಲಿಗೆ ಸಿಗುವುದಿಲ್ಲ. ಗೇರಿನ ಸೈಕಲ್ಲಿನವರು ಏರು ಬಂದ ಕೂಡಲೇ ಹಗುರ ಗೇರಿಗೆ ಬದಲಿಸಿ, ಕಡಿಮೆ ಬಲದಲ್ಲಿ ಕಾಲನ್ನು ಚುರುಕಾಗಿ ತಿರುಗಿಸುತ್ತಾರೆ.

ಇದಕ್ಕೆ ಹೊಸ ಸೈಕಲ್ ಕೊಳ್ಳಲೇಬೇಕೆಂದಿಲ್ಲ. ಹಿಂದಿನ ಗಾಲಿಯ ಫ್ರೀವೀಲಿನ ಹಲ್ಲುಗಳನ್ನು ಎಣಿಸಿ ನೋಡಿ. ಅದು 18 ಹಲ್ಲಿನದಾಗಿದ್ದರೆ, ಸೈಕಲ್ ಶಾಪಿನವರಿಗೆ ಹೇಳಿ 20 ಅಥವಾ 22 ಹಲ್ಲಿನದನ್ನು ಹಾಕಿಸಬಹುದು. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ಸಮತಟ್ಟಿನಲ್ಲಿ ವೇಗ ತುಸು ಕಡಿಮೆಯಾಗುತ್ತದೆ, ಏರಿನಲ್ಲಿ ಕಾಲು ಹಗುರವಾಗುತ್ತದೆ. ಅರವತ್ತು ಎಪ್ಪತ್ತು ಕಿಲೋ ತೂಕದ ಮನುಷ್ಯನಿಗೆ ಈ ಸಣ್ಣ ಬದಲಾವಣೆಯಿಂದ ಆಗುವ ಅನುಕೂಲ ಯಾವ ನೋವಿನ ಮುಲಾಮಿನಿಂದಲೂ ಆಗುವುದಿಲ್ಲ.

ಇನ್ನು ಸೀಟು. ನಮ್ಮಲ್ಲಿ ಹೆಚ್ಚಿನವರು ಸೀಟನ್ನು ತೀರಾ ಕೆಳಗಿಟ್ಟಿರುತ್ತಾರೆ, ನಿಲ್ಲಿಸಿದಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಮುಟ್ಟಬೇಕೆಂದು. ಅದೂ ಇದು ಮಗನ ಸೈಕಲ್ಲು. ಅವನು ಎಂಟನೆಯ ತರಗತಿಯಲ್ಲಿದ್ದಾಗ ಇಟ್ಟ ಎತ್ತರವೇ ಇನ್ನೂ ಇರಬಹುದು. ಸೀಟು ಕೆಳಗಿದ್ದರೆ ಪೆಡಲ್ ಮೇಲೆ ಬಂದಾಗ ಮೊಣಕಾಲು ವಿಪರೀತ ಮಡಚುತ್ತದೆ. ಮಡಚಿದ ಮೊಣಕಾಲಿನಿಂದ ಜೋರಾಗಿ ಒತ್ತಿದಾಗ ಚಿಪ್ಪು ಅದರ ಹಿಂದಿನ ಎಲುಬಿಗೆ ಬಿಗಿಯಾಗಿ ಒತ್ತುತ್ತದೆ. ಚಿಪ್ಪಿನ ಹಿಂದೆ ಅಥವಾ ಸುತ್ತ ಬರುವ ನೋವಿಗೆ ಇದು ತೀರಾ ಸಾಮಾನ್ಯ ಕಾರಣ. ಇಂಥವರು ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತು ಏಳುವಾಗ ಕೂಡ ಅದೇ ನೋವನ್ನು ಹೇಳುತ್ತಾರೆ.

ಸರಿಯಾದ ಎತ್ತರ ತಿಳಿಯುವುದು ಸುಲಭ. ಮನೆಯಲ್ಲಿ ಯಾರಾದರೂ ಸೈಕಲ್ಲನ್ನು ಹಿಡಿದುಕೊಳ್ಳಲಿ. ಸೀಟಿನ ಮೇಲೆ ನೇರವಾಗಿ ಕುಳಿತು, ಪೆಡಲ್ಲನ್ನು ಪೂರ್ತಿ ಕೆಳಗೆ ತಂದು, ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು, ಸೊಂಟ ಓರೆಯಾಗಬಾರದು. ತುಳಿಯುವಾಗ ಪೆಡಲ್ ಮೇಲಿರಬೇಕಾದದ್ದು ಹಿಮ್ಮಡಿಯಲ್ಲ, ಬೆರಳುಗಳ ಬುಡದ ಅಗಲವಾದ ಭಾಗ. ಆಗ ಮೊಣಕಾಲು ತಾನಾಗಿ ತುಸು ಬಾಗಿರುತ್ತದೆ. ಸೀಟನ್ನು ಒಮ್ಮೆಗೇ ಮೇಲೆತ್ತಬೇಡಿ. ಅರ್ಧ ಬೆರಳಗಲ ಎತ್ತಿ, ಎರಡು ದಿನ ಓಡಿಸಿ, ಮತ್ತೆ ಎತ್ತಿ. ನೋವು ಮೊಣಕಾಲಿನ ಮುಂಭಾಗ ಬಿಟ್ಟು ಹಿಂಭಾಗದಲ್ಲಿ ಶುರುವಾದರೆ ಎತ್ತರ ಹೆಚ್ಚಾಯಿತೆಂದು ಅರ್ಥ. ಮೊಣಕಾಲು ಊದಿಕೊಂಡಿದ್ದರೆ, ಅದು ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅದು ಸೀಟಿನಿಂದ ಸರಿಹೋಗುವ ನೋವಲ್ಲ, ತೋರಿಸಿಕೊಳ್ಳಿ.

ಮತ್ತೊಂದು ಮಾತು. ಏರು ಬಂದಾಗ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಹಿಂದೆ ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಊರೂರು ತಿರುಗುತ್ತಿದ್ದವರು ಏರಿನಲ್ಲಿ ಇಳಿದು ತಳ್ಳುತ್ತಿದ್ದರು. ಅವರ ಮೊಣಕಾಲು ಅಷ್ಟು ವರ್ಷ ಬಾಳಿದ್ದರಲ್ಲಿ ಆ ಅಭ್ಯಾಸದ ಪಾಲೂ ಇದ್ದಿರಬೇಕು ಎಂದು ನನ್ನ ಅನಿಸಿಕೆ. ಇಂದಿನವರು ಹಿಂದಿನಿಂದ ಯಾರೋ ನೋಡುತ್ತಾರೆಂದು ಹಲ್ಲು ಕಚ್ಚಿ ತುಳಿಯುತ್ತಾರೆ. ಹಲ್ಲು ಕಚ್ಚುವಾಗ ಉಸಿರನ್ನೂ ಬಿಗಿಹಿಡಿಯುತ್ತಾರೆ. ಹಾಗೆ ಉಸಿರು ಕಟ್ಟಿ ಒತ್ತಿದಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಯ ರಕ್ತನಾಳಗಳು ಕೆಟ್ಟವರಿಗೆ ಇದರಿಂದ ಕಣ್ಣಿನೊಳಗೆ ರಕ್ತಸ್ರಾವ ಆಗುವ ಭಯವಿದೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ಏರಿನ ಸವಾರಿಗೆ ಮುಂಚೆ ಕಣ್ಣಿನ ಪರದೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಏರಿನಲ್ಲಿ ಏದುಸಿರು ಬರುವುದು ತಪ್ಪಲ್ಲ. ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ, ಶ್ವಾಸಕೋಶ, ಹೃದಯ ಚುರುಕಾಗುತ್ತವೆ. ಸಹಜವಾದ ಏದುಸಿರಿಗೆ ಕೆಲವು ಗುರುತುಗಳಿವೆ. ಏರಿಗೆ ತಕ್ಕಂತೆ ಅದು ಹೆಚ್ಚುತ್ತದೆ, ನಿಂತರೆ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ, ವಾರಗಳು ಕಳೆದಂತೆ ಅದೇ ಏರಿನಲ್ಲಿ ಕಡಿಮೆಯಾಗುತ್ತ ಬರುತ್ತದೆ. ಜೊತೆಯಲ್ಲಿರುವವರೊಡನೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ, ಆದರೆ ಹಾಡು ಹೇಳಲು ಆಗದಿದ್ದರೆ, ಅದು ಆರೋಗ್ಯಕ್ಕೆ ಬೇಕಾದಷ್ಟೇ ಶ್ರಮ. ವಾಕ್ಯ ಮುಗಿಸಲು ಆಗದೆ ಎರಡು ಮಾತಿಗೊಮ್ಮೆ ಉಸಿರು ಎಳೆಯಬೇಕಾದರೆ ಅದು ಹೆಚ್ಚಾಯಿತು.

ಹೃದಯದ ರಕ್ತನಾಳ ಕಿರಿದಾಗಿರುವಾಗ ಬರುವ ತೊಂದರೆ ಬೇರೆ ಬಗೆಯದು. ಕೂತಾಗ, ಮಲಗಿದಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಆ ಕಿರಿದಾದ ನಾಳದಲ್ಲೂ ಹರಿಯುತ್ತದೆ. ಏರಿನಲ್ಲಿ ಬೇಡಿಕೆ ಹೆಚ್ಚಿದಾಗ ಸಾಲುವುದಿಲ್ಲ. ಆಗ ಎದೆಯ ನಡುವೆ ಭಾರ ಇಟ್ಟಂತೆ, ಹಿಂಡಿದಂತೆ, ಉರಿದಂತೆ ಆಗುತ್ತದೆ. ಕೆಲವರಿಗೆ ಅದು ಗಂಟಲಿಗೆ, ಕೆಳದವಡೆಗೆ, ಎಡ ಭುಜಕ್ಕೆ, ತೋಳಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡುತ್ತದೆ. ದಿನಾ ಅದೇ ರಸ್ತೆಯಲ್ಲಿ ಹೋಗುವವರು 'ಆ ಸೇತುವೆ ದಾಟಿದ ಮೇಲಿನ ಏರಿನಲ್ಲೇ ಬರುತ್ತದೆ' ಎಂದು ಜಾಗವನ್ನೇ ಗುರುತಿಸಿ ಹೇಳುತ್ತಾರೆ. ಎದುರು ಗಾಳಿ ಇದ್ದ ದಿನ, ಹೊಟ್ಟೆ ತುಂಬ ತಿಂದು ಹೊರಟ ದಿನ ಇನ್ನೂ ಬೇಗ ಬರುತ್ತದೆ. ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ.

ಹೋಗುತ್ತದೆ ಎಂಬುದೇ ಇಲ್ಲಿ ಮೋಸ. ಹಿಂದೊಮ್ಮೆ ನನ್ನ ಬಳಿ ಬಂದಿದ್ದ ವ್ಯಾಪಾರಿಯೊಬ್ಬರು ಎರಡು ತಿಂಗಳು ಇದನ್ನು ಗ್ಯಾಸ್ ಎಂದೇ ನಂಬಿದ್ದರು. ಏರಿನಲ್ಲಿ ಎದೆ ಹಿಡಿಯುತ್ತಿತ್ತು. ಇಳಿದು ಅಂಗಡಿಯಲ್ಲಿ ಸೋಡಾ ಕುಡಿಯುತ್ತಿದ್ದರು. ತೇಗು ಬರುತ್ತಿತ್ತು, ನೋವು ಹೋಗುತ್ತಿತ್ತು. ಸೋಡಾದಿಂದ ಹೋಯಿತೆಂದು ಅವರ ಲೆಕ್ಕ. ಸೋಡಾ ಕುಡಿಯಲು ಐದು ನಿಮಿಷ ಕುಳಿತಿದ್ದರಲ್ಲ, ಆ ವಿಶ್ರಾಂತಿಯಿಂದ ಹೋಗಿತ್ತು. ಗ್ಯಾಸಿನ ತೊಂದರೆಗೂ ರಸ್ತೆಯ ಏರಿಗೂ ಸಂಬಂಧವಿಲ್ಲ ಎಂಬುದನ್ನು ನೆನಪಿಡಿ. ಅವರಿಗೆ ಸಕಾಲದಲ್ಲಿ ಚಿಕಿತ್ಸೆಯಾಯಿತು.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಹಳ ವರ್ಷದ ಕಾಯಿಲೆಯಿಂದ ನರಗಳು ಮಂಕಾಗಿದ್ದರೆ ಎದೆನೋವು ಬಾರದೆಯೇ ಹೃದಯಕ್ಕೆ ಪೆಟ್ಟು ಬೀಳಬಹುದು. ಬರೀ ಉಸಿರು ಸಾಲದಾಗುವುದು, ಕಾರಣವಿಲ್ಲದ ತಣ್ಣನೆಯ ಬೆವರು, ವಾಂತಿ ಬಂದಂತಾಗುವುದು, ಹೋದ ವಾರ ಹತ್ತಿದ ಏರನ್ನು ಈ ವಾರ ಹತ್ತಲಾಗದಷ್ಟು ಸುಸ್ತು, ಇಷ್ಟೇ ಅದರ ಸುಳಿವು. ಹೆಣ್ಣುಮಕ್ಕಳಲ್ಲಿಯೂ ಲಕ್ಷಣಗಳು ಹೀಗೆ ಅಸ್ಪಷ್ಟವಾಗಿರುವುದುಂಟು. ಸಕ್ಕರೆ ಕಾಯಿಲೆ ಗೊತ್ತಾಗಿದ್ದು ಕಳೆದ ವರ್ಷವೇ ಆದರೂ ಅದು ಬಂದು ಎಷ್ಟು ವರ್ಷವಾಗಿತ್ತೋ ಹೇಳಲಾಗದು.

ಪರೀಕ್ಷೆಗೆ ಹೋದಾಗ ಒಂದು ಎಚ್ಚರ. ಮಲಗಿಸಿ ತೆಗೆದ ಇಸಿಜಿ ಸರಿಯಾಗಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ನೋವಿಲ್ಲದ ಹೊತ್ತಿನಲ್ಲಿ ಅದು ಸರಿಯಾಗಿಯೇ ಇರಬಹುದು. ತೊಂದರೆ ಬರುವುದು ಏರಿನಲ್ಲಿ ಎಂದು ವೈದ್ಯರಿಗೆ ಬಿಡಿಸಿ ಹೇಳಿ. ಅವರಿಗೆ ಸರಿಕಂಡರೆ ಎಕೋ ಮಾಡಿಸುತ್ತಾರೆ, ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ ಪರೀಕ್ಷೆ ಅಥವಾ ಬೇರೆ ಪರೀಕ್ಷೆಗೆ ಬರೆದುಕೊಡುತ್ತಾರೆ. ಟಿಎಂಟಿ ಎಂದರೆ ವೈದ್ಯರ ಕಣ್ಣೆದುರಿನಲ್ಲಿ ಏರು ಹತ್ತಿಸಿ ನೋಡುವುದು, ಅಷ್ಟೇ. ಇಷ್ಟರೊಳಗೆ ಎಂದಾದರೂ ಕೂತಿರುವಾಗಲೇ ಎದೆ ಹಿಡಿದರೆ, ನಿಂತ ಮೇಲೂ ಹತ್ತು ನಿಮಿಷದಲ್ಲಿ ಹೋಗದಿದ್ದರೆ, ಬೆವರು, ತಲೆಸುತ್ತು ಜೊತೆಯಲ್ಲಿದ್ದರೆ 108ಕ್ಕೆ ಕರೆ ಮಾಡಿ. ಬೈಕಿನ ಹಿಂದೆ ಕುಳಿತು ಆಸ್ಪತ್ರೆಗೆ ಹೋಗಬೇಡಿ, ನೀವೇ ಓಡಿಸಿಕೊಂಡಂತೂ ಹೋಗಲೇಬೇಡಿ.

ಪರೀಕ್ಷೆಯಾಗಿ ವೈದ್ಯರು ಒಪ್ಪಿದ ಮೇಲೆ ಸೈಕಲ್ ಒಳ್ಳೆಯ ಔಷಧ. ಯುರೋಪಿನ ಹತ್ತು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೈಕಲ್ ತುಳಿಯುವವರ ಸಾವಿನ ಪ್ರಮಾಣ ತುಳಿಯದವರಿಗಿಂತ ಕಾಲು ಭಾಗದಷ್ಟು ಕಡಿಮೆ ಇತ್ತು. ಮೊದಲೇ ಗಟ್ಟಿಮುಟ್ಟಾದವರು ಸೈಕಲ್ ಹತ್ತಿರಬಹುದು ಎಂಬ ಸಂಶಯ ಇಂಥ ಅಧ್ಯಯನಗಳಲ್ಲಿ ಇದ್ದೇ ಇರುತ್ತದೆ. ಆದರೂ ತೊಡೆಯ ದೊಡ್ಡ ಸ್ನಾಯುಗಳು ದುಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ವಾರಕ್ಕೆ ಒಟ್ಟು 150 ನಿಮಿಷ ಸಾಕು, ಅದನ್ನು ನಾಲ್ಕೈದು ದಿನಕ್ಕೆ ಹಂಚಿಕೊಳ್ಳಿ.

ಸಕ್ಕರೆ ಇಳಿಯುವುದು ಒಳ್ಳೆಯದಾದರೂ ಅತಿಯಾಗಿ ಇಳಿಯಬಾರದು. ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಭಯವಿದೆ. ಇವರು ಹೊರಡುವ ಮೊದಲು ಗ್ಲೂಕೋಮೀಟರಿನಲ್ಲಿ ನೋಡಿಕೊಂಡು, 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣನ್ನೋ ಅರ್ಧ ರೊಟ್ಟಿಯನ್ನೋ ತಿಂದು ಹೊರಡಬೇಕು. ಇನ್ಸುಲಿನ್ನನ್ನು ತೊಡೆಗೆ ಚುಚ್ಚಿಕೊಂಡು ಕೂಡಲೇ ಸೈಕಲ್ ತುಳಿದರೆ ಅದು ಬೇಗ ರಕ್ತ ಸೇರುತ್ತದೆ. ಆ ದಿನ ಹೊಟ್ಟೆಗೆ ಚುಚ್ಚಿಕೊಳ್ಳಿ. ಕೈ ನಡುಕ, ಬೆವರು, ವಿಪರೀತ ಹಸಿವು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಇಳಿದು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಳ್ಳಿ. ಅದರ ಪೊಟ್ಟಣ ಅಂಗಿಯ ಜೇಬಿನಲ್ಲೇ ಇರಬೇಕು, ಮನೆಯ ಕಪಾಟಿನಲ್ಲಲ್ಲ. ಹವಾಯಿ ಚಪ್ಪಲಿ ಬಿಟ್ಟು ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ. ಬಂದ ಮೇಲೆ ಪಾದ ತೊಳೆದು ಗಾಯವಿದೆಯೇ ನೋಡಿ.

ರಾಯಚೂರು ಸೀಮೆಯ ಬಿಸಿಲಿನ ಬಗ್ಗೆ ಅಲ್ಲಿಯವರಿಗೇ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ; ಎರೆಮಣ್ಣು, ಕರಿಕಲ್ಲು, ಡಾಂಬರು ಮೂರೂ ಕಾಯುತ್ತವೆ. ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್ಲಿಗೆ ಹೋಗುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದೆಲ್ಲ ಮೈಯೊಳಗಿನ ಶಾಖ. ಏರಿನಲ್ಲಿ ವೇಗ ಕಡಿಮೆ, ಗಾಳಿಯೂ ಬೀಸದು, ಬೆವರು ಆರದು. ಬೇಸಿಗೆಯಲ್ಲಿ ಬೆಳಕು ಹರಿಯುತ್ತಲೇ ಹೊರಟು ಏಳೂವರೆಗೆಲ್ಲ ಮನೆ ಸೇರಿ. ಸಕ್ಕರೆ ಹಾಕದ, ಉಪ್ಪು ಬೆರೆಸಿದ ನೀರು ಮಜ್ಜಿಗೆ ಒಳ್ಳೆಯದು. ರಕ್ತದೊತ್ತಡ ಇರುವವರು ಉಪ್ಪನ್ನು ಹೆಚ್ಚು ಹಾಕಿಕೊಳ್ಳಬಾರದು. ಕಬ್ಬಿನ ಹಾಲು, ಬಾಟಲಿಯ ಸಿಹಿ ಪಾನೀಯ ಬೇಡ. ತಲೆನೋವು, ವಾಂತಿ, ಮಾತು ತೊದಲುವುದು, ಅಸಂಬದ್ಧ ಮಾತು ಕಂಡರೆ ನೆರಳಿಗೆ ಸರಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತ ಗಾಳಿ ಹಾಕುತ್ತ ಆಂಬುಲೆನ್ಸ್ ಕರೆಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇಳಿಜಾರಿನಲ್ಲಿ ವೇಗ ಹೆಚ್ಚುವ ಮೊದಲೇ ಎರಡೂ ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಒತ್ತುತ್ತ ಬನ್ನಿ. ಗದ್ದೆಯಿಂದ ಬಂದ ಟ್ರ್ಯಾಕ್ಟರು ಬಿಟ್ಟುಹೋದ ರಾಡಿಯ ಮೇಲೆ ಬ್ರೇಕ್ ಹಾಕಿದರೆ ಗಾಲಿ ಜಾರುತ್ತದೆ. ಲಾರಿ ಓಡಾಡುವ ಹೆದ್ದಾರಿಯಲ್ಲಿ ಹೆಲ್ಮೆಟ್ ಇರಲಿ.

ಗೊರೇಬಾಳದ ಓದುಗರೇ, ಪರೀಕ್ಷೆಯ ವರದಿ ಕೈಸೇರಿದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಸದ್ಯ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಅದರಲ್ಲಿರಲಿ. ಈ ಸಲ ಅದನ್ನು ಬರೆಯಲು ಮರೆತಿದ್ದೀರಿ.